ಒಂದು ಸೆಕೆಂಡ್ ಬಾಕಿ ಇತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸದ್ದು ಕೇಳಿಸುತ್ತೇನೆ. ರೇಡಿಯೊ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.

(ಮೇಜಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟುವ ಸದ್ದು)

ಕೇಳಿಸಿತಾ? ಪಟ್, ಪಟ್. ಇವತ್ತು ನಾನು ಹೇಳೋಕೆ ಬಂದಿರುವುದು ಈ ಸದ್ದಿನ ಬಗ್ಗೆ.

ನಾನು ಜೂಡೋ ಕಲಿಸುವವನು. 28 ವರ್ಷದಿಂದ ಮಕ್ಕಳಿಗೆ ಬೀಳೋದು, ಏಳೋದು ಹೇಳಿಕೊಡುತ್ತಿದ್ದೇನೆ. ಮೊದಲೆಲ್ಲ ಹುಡುಗರು ಬಂದು ಪದಕದ ಬಗ್ಗೆ ಕೇಳುತ್ತಿದ್ದರು, ಪೊಲೀಸ್ ಕೆಲಸದ ಬಗ್ಗೆ ಕೇಳುತ್ತಿದ್ದರು. ಈಗ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಸರ್, ನಾನು ಎಂಎಂಎ ಫೈಟರ್ ಆಗಬೇಕು." ಹಿಂದೆಯೇ ಅವರ ಅಮ್ಮ ಬರುತ್ತಾರೆ. "ಸರ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ." ಹುಡುಗಿಯರೂ ಬರುತ್ತಾರೆ. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಎಂಎಂಎ ಪಂದ್ಯ ನಡೆಸುವ ಅಮೆರಿಕದ ಯುಎಫ್‌ಸಿ ಅನ್ನುವ ಸಂಸ್ಥೆಯಲ್ಲಿ ಗೆದ್ದರು ನೋಡಿ, ಅಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಅದಾದ ಮೇಲಂತೂ ಕೇಳೋದೇ ಬೇಡ.

ಆ ಅಮ್ಮಂದಿರಿಗೂ ಆ ಮಕ್ಕಳಿಗೂ ಸೇರಿಸಿಯೇ ಇವತ್ತು ಮಾತಾಡುತ್ತೇನೆ. ಅಡುಗೆಮನೆಯಲ್ಲಿ ಕೇಳುತ್ತಿರುವವರು ದಯವಿಟ್ಟು ಹುಡುಗನನ್ನೂ ಕರೆದು ಕೂರಿಸಿಕೊಳ್ಳಿ.

ಮೊದಲು ಈ ಆಟ ಏನು ಅಂತ ಹೇಳಿಬಿಡುತ್ತೇನೆ. ಕುಸ್ತಿ, ಬಾಕ್ಸಿಂಗ್, ಜೂಡೋ, ಜುಜುಟ್ಸು, ಕಾಲಿನ ಹೊಡೆತ, ಎಲ್ಲ ಸೇರಿದರೆ ಎಂಎಂಎ. ಸುತ್ತ ಜಾಲರಿ, ಒಳಗೆ ಇಬ್ಬರು, ಜೊತೆಗೆ ಒಬ್ಬ ರೆಫರಿ. ಒಂದು ಸುತ್ತು ಅಂದರೆ 5 ನಿಮಿಷ. ಮಾಮೂಲಿ ಪಂದ್ಯಕ್ಕೆ 3 ಸುತ್ತು, ಬೆಲ್ಟ್ ಪಂದ್ಯ ಅಂದರೆ ಚಾಂಪಿಯನ್ ಪಟ್ಟದ ಪಂದ್ಯಕ್ಕೆ 5. ನಮ್ಮ ಕುಸ್ತಿಯಲ್ಲಿ ಚಿತ್ ಆದರೆ ಮುಗಿಯಿತು. ಇಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಕೈ ತಿರುಚುವ ಪಟ್ಟು, ಕತ್ತು ಅಮುಕುವ ಪಟ್ಟು. ಆ ಪಟ್ಟಿಗೆ ಸಿಕ್ಕಿಬಿದ್ದವನು ಎದುರಾಳಿಯ ಮೈ ಮೇಲೋ ನೆಲದ ಮೇಲೋ ತಟ್ಟಬಹುದು. ತಟ್ಟಿದ ಕೂಡಲೇ ರೆಫರಿ ಬಿಡಿಸುತ್ತಾನೆ. ತಟ್ಟಿದವನು ಸೋತ. ಆದರೆ ಅವನ ಕೈ ಉಳಿಯಿತು. ಜೂಡೋದಲ್ಲೂ ಇದೇ ನಿಯಮ. ತಟ್ಟಬಹುದು, ಇಲ್ಲ ಬಾಯಲ್ಲಿ "ಮೈತ್ತಾ" ಅನ್ನಬಹುದು. ಸೋತೆ ಅಂತ ಅರ್ಥ.

ಈಗ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಹೆಸರು ಜಾರ್ಜ್ ಸೇಂಟ್ ಪಿಯರ್. ಎಲ್ಲರೂ ಜಿಎಸ್‌ಪಿ ಅನ್ನುತ್ತಾರೆ. ಕೆನಡಾದವನು, ಕ್ವಿಬೆಕ್ ಪ್ರಾಂತ್ಯದ ಸೇಂಟ್ ಇಸಿಡೋರ್ ಅನ್ನುವ ಸಣ್ಣ ಊರು. 1981ರಲ್ಲಿ ಹುಟ್ಟಿದ. ಮನೆಮಾತು ಫ್ರೆಂಚ್. ಸ್ಕೂಲಿನಲ್ಲಿ ದೊಡ್ಡ ಹುಡುಗರು ಹೊಡೆಯುತ್ತಿದ್ದರು, ದುಡ್ಡು ಕಿತ್ತುಕೊಳ್ಳುತ್ತಿದ್ದರು. 7ನೇ ವಯಸ್ಸಿಗೆ ಕರಾಟೆಗೆ ಸೇರಿದ. ಬೆಳೆದ ಮೇಲೆ ಹೊಟ್ಟೆಪಾಡಿಗೆ ಕಸ ಎತ್ತುವ ಕೆಲಸ ಮಾಡಿದ, ನೈಟ್‌ಕ್ಲಬ್ ಬಾಗಿಲಲ್ಲಿ ಕಾವಲು ನಿಂತ. ಜುಜುಟ್ಸು ಕಲಿಯೋಕೆ ಮಾಂಟ್ರಿಯಲ್‌ನಿಂದ ನ್ಯೂಯಾರ್ಕ್‌ಗೆ ಬಸ್ಸಿನಲ್ಲಿ ಹೋಗುತ್ತಿದ್ದ, ರೆಂಜೊ ಗ್ರೇಸಿಯವರ ಶಾಲೆಗೆ. ಬೇರೆ ದೇಶದ ಊರು ಅದು. ಗಡಿ ದಾಟಿ ಹೋಗಬೇಕು, ಕಲಿಯಬೇಕು, ಮತ್ತೆ ಬಸ್ ಹತ್ತಬೇಕು. ನಮ್ಮ ಹುಡುಗರು ಸಿಟಿ ಬಸ್ ಒಂದು ತಪ್ಪಿತು ಅಂತ ಪ್ರಾಕ್ಟೀಸಿಗೆ ಚಕ್ಕರ್ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

2002ರಲ್ಲಿ ಮೊದಲ ವೃತ್ತಿಪರ ಪಂದ್ಯ ಆಡಿದ. ಒಂದರ ಮೇಲೊಂದು ಗೆದ್ದ. 2004ರ ಅಕ್ಟೋಬರ್ ಹೊತ್ತಿಗೆ 7 ಪಂದ್ಯ, ಏಳೂ ಗೆಲುವು. ವಯಸ್ಸು 23. ಯುಎಫ್‌ಸಿಯವರು ಸೀದಾ ಬೆಲ್ಟ್ ಪಂದ್ಯಕ್ಕೆ ಹಾಕಿದರು. 77 ಕಿಲೋ ವಿಭಾಗ, ಅಮೆರಿಕದ ಅಟ್ಲಾಂಟಿಕ್ ಸಿಟಿ. ಎದುರಿಗೆ ಮ್ಯಾಟ್ ಹ್ಯೂಸ್.

ಹ್ಯೂಸ್ ಯಾರು ಗೊತ್ತಾ? ಈ ಹುಡುಗ ದೇವರ ಹಾಗೆ ನೋಡುತ್ತಿದ್ದ ಮನುಷ್ಯ. ಇಲಿನಾಯ್ ರಾಜ್ಯದ ಹೊಲದಲ್ಲಿ ದುಡಿದು ಬೆಳೆದ ಪೈಲ್ವಾನ್. ಪಂದ್ಯಕ್ಕೆ ಮುಂಚೆ ಇಬ್ಬರನ್ನೂ ನಡುವೆ ನಿಲ್ಲಿಸಿ ರೆಫರಿ ನಿಯಮ ಹೇಳುತ್ತಾನಲ್ಲ, ಆಗ ಈ ಹುಡುಗನಿಗೆ ಹ್ಯೂಸ್‌ನ ಕಣ್ಣನ್ನೇ ನೋಡೋಕೆ ಆಗಲಿಲ್ಲ. ತಲೆ ಬಗ್ಗಿಸಿಕೊಂಡು ನಿಂತಿದ್ದ. ಮುಂದೆ ಅವನೇ ಇದನ್ನು ಹೇಳಿಕೊಂಡಿದ್ದಾನೆ.

ಹಾಗಂತ ಅವನು ಸುಮ್ನೆ ಒದೆ ತಿನ್ನಲಿಲ್ಲ. ಚೆನ್ನಾಗಿ ಆಡಿದ. ಸುತ್ತು ಮುಗಿಯುತ್ತಾ ಬಂತು. ಹ್ಯೂಸ್ ಮೇಲೆ, ಜಿಎಸ್‌ಪಿ ಕೆಳಗೆ. ಕೆಳಗಿನಿಂದಲೇ ಹ್ಯೂಸ್‌ನ ತೋಳು ತಿರುಚೋಕೆ ಹೋದ. ಹ್ಯೂಸ್ ಪಳಗಿದ ಕೈ. ತಲೆಯ ಮೇಲಿಂದ ಕಾಲು ದಾಟಿಸಿ, ಇವನ ತೋಳನ್ನೇ ತನ್ನ ಎರಡು ತೊಡೆಗಳ ನಡುವೆ ಇಟ್ಟುಕೊಂಡು ಹಿಂದಕ್ಕೆ ಒರಗಿದ. ಆರ್ಮ್‌ಬಾರ್ ಅನ್ನುತ್ತೇವೆ. ನಿಮ್ಮ ಮೊಣಕೈಯನ್ನು ಒಂದು ಕಡಗೋಲಿನ ಹಾಗೆ ನೆಟ್ಟಗೆ ಹಿಡಿದು, ಬಗ್ಗಬಾರದ ಕಡೆಗೆ ಬಗ್ಗಿಸಿದ ಹಾಗೆ.

ಹುಡುಗ ತಟ್ಟಿದ.

ಗಡಿಯಾರ ಎಷ್ಟು ತೋರಿಸುತ್ತಿತ್ತು ಗೊತ್ತಾ? 4 ನಿಮಿಷ 59 ಸೆಕೆಂಡ್! 5 ನಿಮಿಷದ ಸುತ್ತು. ಒಂದೇ ಒಂದು ಸೆಕೆಂಡ್ ಬಾಕಿ ಇತ್ತು. ಆ ಒಂದು ಸೆಕೆಂಡ್ ತಡೆದುಕೊಂಡಿದ್ದರೆ ಗಂಟೆ ಬಾರಿಸುತ್ತಿತ್ತು, ಎದ್ದು ಮೂಲೆಗೆ ಹೋಗುತ್ತಿದ್ದ, ಎರಡನೇ ಸುತ್ತಿಗೆ ಬರುತ್ತಿದ್ದ.

ನನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಿದಾಗಲೆಲ್ಲ ಎಲ್ಲರೂ ಒಂದೇ ಮಾತು. "ಅಯ್ಯೋ ಸರ್, ಒಂದು ಸೆಕೆಂಡ್ ತಡ್ಕೋಬಾರದಾ?" ನಾನು ಕೇಳುತ್ತೇನೆ, ಕೈ ಮುರಿಯೋಕೆ ಎಷ್ಟು ಹೊತ್ತು ಬೇಕು? ಅರ್ಧ ಸೆಕೆಂಡ್ ಸಾಕು. ಆ ಗದ್ದಲದಲ್ಲಿ, ಬೆನ್ನು ನೆಲದಲ್ಲಿ, ಕಣ್ಣ ಮೇಲೆ ಇನ್ನೊಬ್ಬನ ಕಾಲು. ಅಲ್ಲಿಂದ ಗಡಿಯಾರ ನೋಡೋಕೆ ಆಗುತ್ತಾ? ತಟ್ಟಿದ. ಸರಿಯಾಗಿ ಮಾಡಿದ. ಮೂರು ತಿಂಗಳು ಕಳೆದ ಮೇಲೆ ಜನವರಿಯಲ್ಲಿ ಮತ್ತೆ ಪಂದ್ಯಕ್ಕೆ ಇಳಿದ, ಗೆದ್ದ. ಎರಡು ಕೈಯೂ ನೆಟ್ಟಗಿತ್ತು.

ನನ್ನ ಕೈ ಹಾಗಿಲ್ಲ. ಇದನ್ನು ಹೇಳಲೇಬೇಕು. ನನಗೆ 19 ವರ್ಷ ಆಗಿದ್ದಾಗ ಒಂದು ಜಿಲ್ಲಾ ಮಟ್ಟದ ಪಂದ್ಯ. ಇದೇ ಪಟ್ಟಿಗೆ ಸಿಕ್ಕಿದೆ. ನಮ್ಮೂರಿನವರು ಸುತ್ತ ಕೂತಿದ್ದರು, ನಮ್ಮಪ್ಪ ಮೊದಲ ಸಾಲಿನಲ್ಲಿ. ತಟ್ಟಲಿಲ್ಲ. ಮೊಣಕೈ ಒಳಗೆ ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಇವತ್ತಿಗೂ ಬಲಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಸ್ನಾನ ಮಾಡುವಾಗ ತುಂಬಿದ ಚೊಂಬನ್ನು ಎಡಗೈಯಲ್ಲೇ ಎತ್ತಬೇಕು. ಅಂಗಿಯ ಮೇಲಿನ ಗುಂಡಿಯನ್ನೂ ಎಡಗೈಯಲ್ಲೇ ಹಾಕುತ್ತೇನೆ. ಆ ದಿನ ನನ್ನ ಹಟ ನೋಡಿ ಚಪ್ಪಾಳೆ ಹೊಡೆದರಲ್ಲ, ಅವರಲ್ಲಿ ಒಬ್ಬರೂ ಆಮೇಲೆ ನನ್ನ ಕೈ ಹೇಗಿದೆ ಅಂತ ಕೇಳೋಕೆ ಬರಲಿಲ್ಲ. ನಮ್ಮಪ್ಪ ಮಾತ್ರ ಆರು ತಿಂಗಳು ದಿನಾ ರಾತ್ರಿ ಬಿಸಿ ಎಳ್ಳೆಣ್ಣೆ ಹಚ್ಚಿ ತಿಕ್ಕಿದರು. ತಟ್ಟಬೇಕಿತ್ತು ಕಣೋ, ಅಂತ ಒಂದೇ ಸಲ ಅಂದರು.

ಅದಕ್ಕೇ ಹೇಳುತ್ತೇನೆ, ಮಕ್ಕಳೇ, ತಟ್ಟೋದನ್ನು ಕಲಿಯಿರಿ. ಹೊಡೆಯೋದು ಆಮೇಲೆ.

ಜಿಎಸ್‌ಪಿ ಕಥೆಗೆ ಬರುತ್ತೇನೆ. 2006ರ ನವೆಂಬರ್‌ನಲ್ಲಿ ಅದೇ ಹ್ಯೂಸ್‌ನನ್ನು ಎರಡನೇ ಸುತ್ತಿನಲ್ಲಿ ಹೊಡೆದು ಬೆಲ್ಟ್ ಗೆದ್ದ. ಐದು ತಿಂಗಳಿಗೆ, 2007ರ ಏಪ್ರಿಲ್‌ನಲ್ಲಿ, ಹ್ಯೂಸ್ಟನ್‌ನಲ್ಲಿ ಮ್ಯಾಟ್ ಸೆರಾ ಅನ್ನುವವನ ಕೈಯಲ್ಲಿ ಮೊದಲ ಸುತ್ತಿನಲ್ಲೇ ಏಟು ತಿಂದು ಬೆಲ್ಟ್ ಕಳೆದುಕೊಂಡ. ಸೆರಾ ಗೆಲ್ಲುತ್ತಾನೆ ಅಂತ ಹೆಚ್ಚು ಜನ ಅಂದುಕೊಂಡಿರಲಿಲ್ಲ. ಆ ಸೋಲು ಇವನನ್ನು ತುಂಬಾ ಕಾಡಿತು. ಆಗ ಮನಸ್ಸಿನ ತರಬೇತಿ ಕೊಡುವವರೊಬ್ಬರು ಅವನ ಕೈಗೆ ಒಂದು ಇಟ್ಟಿಗೆ ಕೊಟ್ಟರು. ಅದರ ಮೇಲೆ ಸೆರಾ ಅಂತ ಹೆಸರು ಬರಿ, ಹೊರೋದು ಸಾಕು ಅನ್ನಿಸಿದ ದಿನ ನದಿಗೆ ಎಸೆ ಅಂದರು. ಬರೆದ. ಎಸೆದ. ನನಗೆ ಈ ಇಟ್ಟಿಗೆಯ ವಿಷಯ ತುಂಬಾ ಇಷ್ಟ. ಇಟ್ಟಿಗೆ ಕೈಬಿಡೋದೂ ತಟ್ಟಿದ ಹಾಗೇ ತಾನೇ? ಸಾಕು, ಇದನ್ನು ಬಿಟ್ಟೆ ಅಂತ.

ಬಿಟ್ಟ ಮೇಲೆ ಏನಾಯಿತು ಕೇಳಿ. ಅದೇ ವರ್ಷ ಆಗಸ್ಟ್‌ನಲ್ಲಿ ಜಾಶ್ ಕಾಸ್ಚೆಕ್ ಎದುರಿಗೆ ಬಂದ. ಅವನು ಅಮೆರಿಕದ ಕಾಲೇಜು ಕುಸ್ತಿಯ ಚಾಂಪಿಯನ್. ಜಿಎಸ್‌ಪಿ ಶಾಲೆಯಲ್ಲಿ ಕಾಲೇಜಿನಲ್ಲಿ ಕುಸ್ತಿ ಆಡಿದವನೇ ಅಲ್ಲ. ದೊಡ್ಡವನಾದ ಮೇಲೆ ಮಾಂಟ್ರಿಯಲ್‌ನ ಪೈಲ್ವಾನರ ಜೊತೆ ಸೇರಿ ಕಲಿತದ್ದು. ದಿನಾ ಅವರ ಕೈಯಲ್ಲಿ ನೆಲ ಕಚ್ಚಿ ಕಚ್ಚಿ ಕಲಿತ. ಆ ಪಂದ್ಯದಲ್ಲಿ ಕಾಸ್ಚೆಕ್‌ನನ್ನೇ ಕುಸ್ತಿಯಲ್ಲಿ ಕೆಡವಿ ಗೆದ್ದ. ಪ್ರಾಕ್ಟೀಸಿನಲ್ಲಿ ನೂರು ಸಲ ತಟ್ಟಲು ನಾಚಿಕೆಪಡದವನಿಗೆ ಮಾತ್ರ ಇದು ಸಾಧ್ಯ. ಜಿಮ್ಮಿನಲ್ಲೂ ಸೋಲಬಾರದು ಅನ್ನುವ ಹುಡುಗ ತನಗೆ ಗೊತ್ತಿರುವ ಎರಡು ಪಟ್ಟನ್ನೇ ಆಡಿಕೊಂಡು ಕೂತಿರುತ್ತಾನೆ. ನನ್ನ ಹತ್ತಿರ ಇಂಥವರು ವರ್ಷಕ್ಕೆ ನಾಲ್ಕೈದು ಜನ ಬರುತ್ತಾರೆ. ಬೇಗ ಬಿಟ್ಟುಹೋಗುತ್ತಾರೆ.

2007ರ ಡಿಸೆಂಬರ್‌ನಲ್ಲಿ ಮತ್ತೆ ಹ್ಯೂಸ್. ಮೂರನೇ ಸಲ. ಈ ಪಂದ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಎರಡನೇ ಸುತ್ತು ಮುಗಿಯೋಕೆ ಕೆಲವೇ ಸೆಕೆಂಡ್ ಇದ್ದಾಗ ಜಿಎಸ್‌ಪಿ ಮೇಲೆ, ಹ್ಯೂಸ್ ಕೆಳಗೆ. ಹ್ಯೂಸ್‌ನ ಒಂದು ತೋಳು ತಿರುಚುತ್ತಾ ಇದ್ದವನು ಥಟ್ಟನೆ ಅದನ್ನು ನೆಟ್ಟಗೆ ಎಳೆದು ಆರ್ಮ್‌ಬಾರ್‌ಗೆ ತಂದ. ಹ್ಯೂಸ್‌ನ ಇನ್ನೊಂದು ಕೈ ಜಿಎಸ್‌ಪಿಯ ಕಾಲುಗಳ ನಡುವೆ ಸಿಕ್ಕಿಬಿಟ್ಟಿತ್ತು. ತಟ್ಟೋಕೆ ಕೈಯೇ ಇಲ್ಲ! ಬಾಯಲ್ಲಿ ಕೂಗಿ ಸೋಲು ಒಪ್ಪಿಕೊಂಡ. ಗಡಿಯಾರದಲ್ಲಿ 4 ನಿಮಿಷ 54 ಸೆಕೆಂಡ್. ಹ್ಯೂಸ್ ಅಂಥ ಹ್ಯೂಸ್, ಅಷ್ಟು ವರ್ಷ ಬೆಲ್ಟ್ ಇಟ್ಟುಕೊಂಡಿದ್ದವನು, ಇನ್ನು 6 ಸೆಕೆಂಡ್ ತಡೆದರೆ ಬಚಾವಾಗುತ್ತಿದ್ದವನು, ಕೂಗಿ ಒಪ್ಪಿಕೊಂಡ. ಯಾರೂ ಅವನನ್ನು ಹೇಡಿ ಅನ್ನಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಸೆರಾ ಜೊತೆ ಎರಡನೇ ಪಂದ್ಯ. ಈ ಸಲ ಜಿಎಸ್‌ಪಿಯ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲೇ. 21,000ಕ್ಕೂ ಜಾಸ್ತಿ ಜನ. ಎರಡನೇ ಸುತ್ತಿನಲ್ಲಿ ಮುಗಿಸಿದ. ಅಲ್ಲಿಂದ 2013ರ ತನಕ ಒಂದೂ ಪಂದ್ಯ ಸೋಲಲಿಲ್ಲ. 9 ಸಲ ಬೆಲ್ಟ್ ಉಳಿಸಿಕೊಂಡ. ನಡುವೆ 2011ರಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ನೆಟ್ಟಗೆ ವಾಸಿಯಾಗುವ ತನಕ ಕಾದು 2012ರ ನವೆಂಬರ್‌ನಲ್ಲಿ ವಾಪಸ್ ಬಂದ. ಅದಕ್ಕೆ ಮುಂಚೆ ಬರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ನಮ್ಮಲ್ಲಿ ಮಂಡಿ ಊದಿಕೊಂಡಿದ್ದರೂ ಬ್ಯಾಂಡೇಜ್ ಸುತ್ತಿ ಮಕ್ಕಳನ್ನು ಮ್ಯಾಟ್ ಮೇಲೆ ಕಳಿಸುವ ಕೋಚ್‌ಗಳಿದ್ದಾರೆ. ಅಂಥವರ ಹತ್ತಿರ ಮಕ್ಕಳನ್ನು ಬಿಡಬೇಡಿ.

2013ರ ಕೊನೆಗೆ ಬೆಲ್ಟ್ ವಾಪಸ್ ಕೊಟ್ಟು ಹೊರಗೆ ನಡೆದ. ಸೋತು ಹೋದದ್ದಲ್ಲ. ಮನಸ್ಸು ದಣಿದಿದೆ, ನಿದ್ದೆ ಬರುವುದಿಲ್ಲ, ಸಾಕು ಅಂದ. ನಾಲ್ಕು ವರ್ಷ ಬಿಟ್ಟು 2017ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮತ್ತೆ ಬಂದ, ಅದೂ ಮೇಲಿನ 84 ಕಿಲೋ ವಿಭಾಗಕ್ಕೆ. ಇಂಗ್ಲೆಂಡಿನ ಮೈಕಲ್ ಬಿಸ್ಪಿಂಗ್‌ನನ್ನು ಮೂರನೇ ಸುತ್ತಿನಲ್ಲಿ ಹಿಂದಿನಿಂದ ಕತ್ತು ಬಿಗಿದು ಹಿಡಿದ. ಬಿಸ್ಪಿಂಗ್ ತಟ್ಟಲಿಲ್ಲ. ಪ್ರಜ್ಞೆ ತಪ್ಪಿತು. ಮೂರೇ ವಾರಕ್ಕೆ ಅದೇ ಬಿಸ್ಪಿಂಗ್ ಶಾಂಘೈಗೆ ಹೋಗಿ ಇನ್ನೊಂದು ಪಂದ್ಯ ಆಡಿದ, ಮೊದಲ ಸುತ್ತಿನಲ್ಲೇ ನಾಕೌಟ್ ಆದ. ಅವನ ಕೊನೆಯ ಪಂದ್ಯ ಅದು. ಧೈರ್ಯಕ್ಕೆ ಅವನಿಗೆ ಸಾಟಿ ಇಲ್ಲ, ನಾನೂ ಕೈ ಮುಗಿಯುತ್ತೇನೆ. ಆದರೆ ನನ್ನ ಶಿಷ್ಯರು ಯಾರೂ ಹಾಗೆ ಮಾಡುವುದು ನನಗೆ ಬೇಡ.

ಜಿಎಸ್‌ಪಿ? ಕರುಳಿನ ಕಾಯಿಲೆ ಕಾಣಿಸಿಕೊಂಡಿತು. ಒಂದೇ ತಿಂಗಳಲ್ಲಿ ಆ ಬೆಲ್ಟನ್ನೂ ವಾಪಸ್ ಕೊಟ್ಟ. 2019ರ ಫೆಬ್ರವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಎಲ್ಲರ ಮುಂದೆ ಕೂತು ನಿವೃತ್ತಿ ಹೇಳಿದ. 28 ಪಂದ್ಯ, 26 ಗೆಲುವು, 2 ಸೋಲು. ಸೋಲಿಸಿದ ಇಬ್ಬರನ್ನೂ ತಿರುಗಿ ಸೋಲಿಸಿದ್ದ.

ಅಯ್ಯೋ, ಸಮಯ ಆಗುತ್ತಾ ಬಂತು. ಹ್ಯೂಸ್ ಕಥೆ ಶುರು ಮಾಡಿದರೆ ನನಗೆ ನಿಲ್ಲಿಸೋಕೆ ಬರುವುದಿಲ್ಲ. ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಸಾಮಾನ್ಯವಾಗಿ ಆಡಿದ್ದಕ್ಕೆ ಇಷ್ಟು, ಗೆದ್ದರೆ ಇನ್ನೂ ಅಷ್ಟು ಅಂತ ಕರಾರು. ಅದರಲ್ಲೇ ಕೋಚ್‌ಗೆ, ಮ್ಯಾನೇಜರ್‌ಗೆ ಕೊಡಬೇಕು, ಊಟಕ್ಕೂ ಆಗಬೇಕು. ಗಾಯ ಆಗಿ ಕೂತರೆ ಪಂದ್ಯ ಇಲ್ಲ, ಪಂದ್ಯ ಇಲ್ಲದಿದ್ದರೆ ದುಡ್ಡಿಲ್ಲ. ಹಾಗಾಗಿ ಓದು ಬಿಡಬೇಡಿ. ಅಮ್ಮಂದಿರೇ, ಈ ಒಂದು ಮಾತಿನಲ್ಲಿ ನಾನು ನಿಮ್ಮ ಕಡೆ.

ಇನ್ನು ತೂಕ. ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ಬೆವರು ಹರಿಸಿ, ಒಂದೆರಡು ದಿನದಲ್ಲಿ ಕಿಲೋಗಟ್ಟಲೆ ಇಳಿಸುತ್ತಾರೆ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಹೀಗೆ ತೂಕ ಇಳಿಸುವಾಗ ಚೀನಾದ 21 ವರ್ಷದ ಹುಡುಗ ಸತ್ತುಹೋದ. ಪಂದ್ಯಕ್ಕೆ ಇಳಿಯಲೇ ಇಲ್ಲ. ಆ ಪಂದ್ಯ ನಡೆಸುತ್ತಿದ್ದ ಒನ್ ಚಾಂಪಿಯನ್‌ಶಿಪ್‌ನವರು ಆಮೇಲೆ ನೀರು ಬಿಟ್ಟು ತೂಕ ಇಳಿಸೋದನ್ನೇ ನಿಷೇಧ ಮಾಡಿದರು. ನಿಮ್ಮ ಮಗನಿಗೆ ಯಾರಾದರೂ ಎರಡು ದಿನ ನೀರು ಕುಡಿಯಬೇಡ ಅಂದರೆ ಆ ಜಾಗದಿಂದ ಅವನ ಬ್ಯಾಗ್ ಎತ್ತಿಕೊಂಡು ಬನ್ನಿ. ಅಲ್ಲೂ ತಟ್ಟಬೇಕು.

ಜಿಮ್ ಹುಡುಕುತ್ತಿರುವವರಿಗೆ ಒಂದು ದಾರಿ ಹೇಳುತ್ತೇನೆ. ಗೋಡೆ ಮೇಲಿನ ಪೋಸ್ಟರ್ ನೋಡಬೇಡಿ, ಟ್ರೋಫಿ ಎಣಿಸಬೇಡಿ. ಒಂದು ಅರ್ಧ ಗಂಟೆ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕೇಳಿ. ಈ ಸದ್ದು ಬರುತ್ತಾ ಅಂತ.

(ಎರಡು ಸಲ ತಟ್ಟುವ ಸದ್ದು)

ದೊಡ್ಡ ಹುಡುಗನೂ ತಟ್ಟುತ್ತಾನಾ? ಅವನು ತಟ್ಟಿದ ತಕ್ಷಣ ಹಿಡಿದವನು ಬಿಡುತ್ತಾನಾ? ಕೋಚ್ ಕೂಡ ಯಾವಾಗಲಾದರೂ ಒಂದು ಸಲ ತಟ್ಟುತ್ತಾನಾ? ಹೌದಾದರೆ ಫೀಸ್ ಕಟ್ಟಿ, ಸೇರಿಸಿ ಬನ್ನಿ.

ನಮಸ್ಕಾರ.