ಎಷ್ಟು, ಎಷ್ಟು ದೂರದಲ್ಲಿ: ಕರೆಂಟಿನ ಕಾಂತಕ್ಷೇತ್ರ ಮತ್ತು ಹೃದಯ

ಎಲ್ಲರಿಗೂ ನಮಸ್ಕಾರ.

ಮನೆಯ ವೈರಿನಲ್ಲಿ ಕರೆಂಟು ಸೆಕೆಂಡಿಗೆ 50 ಅಥವಾ 60 ಸಲ ಹಿಂದೆಮುಂದೆ ಓಡುತ್ತದೆ, ಓಡುವಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಇಷ್ಟು ಈ ಸಭೆಗೆ ಗೊತ್ತು. "ಇದರಿಂದ ಹೃದಯಕ್ಕೆ ತೊಂದರೆಯೇ?" ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಮೂರು. ಎಷ್ಟು? ಎಷ್ಟು ದೂರದಲ್ಲಿ? ಯಾರ ಎದೆಗೆ?

ರಕ್ತದಲ್ಲಿ ಕಬ್ಬಿಣವಿದೆ, ಕಾಂತ ಅದನ್ನು ಎಳೆಯುತ್ತದೆ ಎನ್ನುವವರಿದ್ದಾರೆ. ಮೊದಲು ಆ ಮಾತು ಮುಗಿಸಿಬಿಡೋಣ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣವಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅನ್ನು ಕಾಂತ ಎಳೆಯುವುದಿಲ್ಲ, ಚೂರು ದೂರವೇ ತಳ್ಳುತ್ತದೆ. ರಸಾಯನ ವಿಜ್ಞಾನಿಗಳಾದ ಪಾಲಿಂಗ್ ಮತ್ತು ಕೊರಿಯೆಲ್ ಇದನ್ನು 1936ರಲ್ಲೇ ಅಳೆದು ತೋರಿಸಿದರು. ಕಾಂತದ ಬಳೆ ತೊಟ್ಟರೆ ರಕ್ತ ಸರಾಗವಾಗಿ ಹರಿಯುತ್ತದೆ ಎಂದು ಮಾರುವವರಿದ್ದಾರೆ. ಕಾಂತಕ್ಷೇತ್ರದ ಅಳತೆ ಟೆಸ್ಲಾ; 1.5 ಟೆಸ್ಲಾದ ಎಂಆರ್‌ಐ ಯಂತ್ರದೊಳಗೆ ಮಲಗಿದವರ ರಕ್ತ ಎಂದಿನಂತೆಯೇ ಹರಿಯುತ್ತದೆ, ಬಳೆ ಏನು ಮಾಡೀತು!

ಈಗ ಲೆಕ್ಕ. ಒಂಟಿ ತಂತಿಯಲ್ಲಿ 10 ಆಂಪಿಯರ್ ಹರಿದರೆ ಒಂದು ಮೀಟರ್ ದೂರದಲ್ಲಿ 2 ಮೈಕ್ರೋಟೆಸ್ಲಾ, ಅಂದರೆ ಟೆಸ್ಲಾದ ಹತ್ತು ಲಕ್ಷದಲ್ಲಿ ಎರಡು ಪಾಲು. ಹೋಗುವ ತಂತಿ, ಬರುವ ತಂತಿ ಒಟ್ಟಿಗಿದ್ದರೆ ಒಂದರದ್ದನ್ನು ಇನ್ನೊಂದು ಬಹುಪಾಲು ಅಳಿಸುತ್ತದೆ. ಇಡೀ ಮನೆಯಲ್ಲಿ ಕ್ಷೇತ್ರದ ಅಳತೆ ಹೆಚ್ಚು ಬಂದರೆ ಕಿಟಕಿಯಾಚೆಯ ಕಂಬವನ್ನು ಬಯ್ಯುವ ಮೊದಲು ನ್ಯೂಟ್ರಲ್, ಅಂದರೆ ಕರೆಂಟು ಮರಳುವ ತಂತಿ, ನೋಡಿ. ಎರಡು ಸರ್ಕಿಟ್‌ಗಳ ನ್ಯೂಟ್ರಲ್ ಎಲ್ಲೋ ಒಂದು ಡಬ್ಬಿಯಲ್ಲಿ ಸೇರಿಕೊಂಡು, ಕರೆಂಟು ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಮರಳುತ್ತಿರುತ್ತದೆ. ಆಗ ಅಳಿಸುವ ಜೋಡಿಯೇ ಇರುವುದಿಲ್ಲ. ತಂತಿಯನ್ನು ಹೊರಗಿನಿಂದ ಸುತ್ತಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ಲೈವ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸುತ್ತುವಂತೆ ಹಾಕಿ. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಬರದಿದ್ದರೆ ತಪ್ಪು ಅಲ್ಲೇ ಇದೆ.

ಬದಲಾಗುವ ಕಾಂತಕ್ಷೇತ್ರ ಮೈಯೊಳಗೆ ವಿದ್ಯುತ್ ಹುಟ್ಟಿಸುವುದು ನಿಜ. 50 ಹರ್ಟ್ಜ್‌ನ 1 ಮೈಕ್ರೋಟೆಸ್ಲಾ ಎದೆಯಲ್ಲಿ ಹುಟ್ಟಿಸುವುದು ಮೀಟರಿಗೆ ಸುಮಾರು 0.02 ಮಿಲಿವೋಲ್ಟ್. ನರವನ್ನು ಕೆರಳಿಸಲು ಬೇಕಾದದ್ದು ಮೀಟರಿಗೆ ಕೆಲವು ವೋಲ್ಟ್, ಅಂದರೆ ಲಕ್ಷಪಟ್ಟಿಗೂ ಮಿಕ್ಕಿ. ಇಂಥ ಕ್ಷೇತ್ರಗಳಿಗೆ ಸುರಕ್ಷತೆಯ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ 2010ರಲ್ಲಿ ಜನಸಾಮಾನ್ಯರಿಗೆ 200 ಮೈಕ್ರೋಟೆಸ್ಲಾ ಮಿತಿ ಇಟ್ಟದ್ದು ಇಂಥ ಲೆಕ್ಕದಿಂದಲೇ.

"ಹಾಗಾದರೆ 1999ರ ಅಧ್ಯಯನ?" ಎನ್ನುತ್ತೀರಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಐದು ವಿದ್ಯುತ್ ಕಂಪನಿಗಳ ಕೆಲಸಗಾರರಲ್ಲಿ, ಕ್ಷೇತ್ರ ಹೆಚ್ಚಿದ್ದ ಕೆಲಸ ಮಾಡಿದವರಲ್ಲಿ ಹೃದಯದ ಲಯ ತಪ್ಪಿ ಸತ್ತವರು, ಹಠಾತ್ ಹೃದಯಾಘಾತದಿಂದ ಸತ್ತವರು ಹೆಚ್ಚು ಕಂಡರು. ಡೇವಿಡ್ ಸ್ಯಾವಿಟ್ಜ್ ಮತ್ತು ಸಂಗಡಿಗರ ಗಂಭೀರ ಕೆಲಸ ಅದು. ತಳ್ಳಿಹಾಕುವಂಥದ್ದಲ್ಲ. ಆದರೆ ಆಧಾರ ಮರಣಪತ್ರ. ಯಾರಾದರೂ ದಿಢೀರನೆ ಕುಸಿದು ಸತ್ತರೆ ಆ ಹಾಳೆಯಲ್ಲಿ ಯಾವ ಪದ ಬೀಳುತ್ತದೆ ಎಂಬುದು ಬರೆಯುವ ಕೈಯನ್ನೂ ಅವಲಂಬಿಸುತ್ತದೆ. ಈ ಅಧ್ಯಯನಕ್ಕೆ ಪ್ರೇರಣೆಯಾದದ್ದು, ರಾತ್ರಿ ನಿದ್ದೆಯಲ್ಲಿ ಕ್ಷೇತ್ರಕ್ಕೆ ಒಡ್ಡಿದವರ ಹೃದಯಬಡಿತದ ಏರಿಳಿತ ಬದಲಾಯಿತು ಎಂಬ ಪ್ರಯೋಗ. ಆಮೇಲೆ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ನಿದ್ದೆಯ ನಡುವೆ ಪದೇಪದೇ ರಕ್ತ ತೆಗೆದಂಥ ಕಡೆ ಆ ಬದಲಾವಣೆ ಕಂಡಿತ್ತು. ತೋಳಲ್ಲಿ ಸೂಜಿ ಇಟ್ಟುಕೊಂಡು ಮಲಗಿದವರ ನಿದ್ದೆ ಎಂಥದ್ದು, ನೀವೇ ಯೋಚಿಸಿ. ಡೆನ್ಮಾರ್ಕ್, ಸ್ವೀಡನ್ ಅಧ್ಯಯನಗಳು 1999ರ ಫಲಿತಾಂಶವನ್ನು ಎತ್ತಿಹಿಡಿಯಲಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೃದ್ರೋಗದೊಂದಿಗಿನ ನಂಟನ್ನು ಪುರಾವೆಗಳು ಬೆಂಬಲಿಸುವುದಿಲ್ಲ ಎಂದಿತು.

ಮತ್ತೆ ಅದೇ ಪ್ರಶ್ನೆ: ಯಾರ ಎದೆಗೆ? ಪೇಸ್‌ಮೇಕರ್ ಇರುವ ಎದೆಗೆ ಉತ್ತರ ಬೇರೆ, ನಾನು ಬಂದದ್ದೇ ಅದಕ್ಕಾಗಿ. ಪೇಸ್‌ಮೇಕರ್‌ನ ತಂತಿ ಹೃದಯದ ಸಣ್ಣ ವಿದ್ಯುತ್ ಸದ್ದಿಗೆ ಕಿವಿಗೊಟ್ಟಿರುತ್ತದೆ. ಹೊರಗಿನ 50 ಹರ್ಟ್ಜ್ ಅದರಲ್ಲಿ ಬೆರೆತರೆ, "ಹೃದಯ ತಾನೇ ಬಡಿಯುತ್ತಿದೆ" ಎಂದುಕೊಂಡು ಯಂತ್ರ ಸುಮ್ಮನಾಗಬಹುದು. ಪೂರ್ತಿ ಯಂತ್ರವನ್ನೇ ನಂಬಿದವರಿಗೆ ತಲೆ ಸುತ್ತುತ್ತದೆ. ಐಸಿಡಿ, ಅಂದರೆ ಅಪಾಯದ ಲಯ ಕಂಡರೆ ಆಘಾತ ಕೊಟ್ಟು ಸರಿಪಡಿಸಲು ಎದೆಯೊಳಗೆ ಇಟ್ಟ ಯಂತ್ರ, ಆದರೆ ಆ 50 ಹರ್ಟ್ಜ್ ಅನ್ನೇ ಅಪಾಯದ ಲಯವೆಂದು ತಿಳಿದು ಬೇಡದ ಆಘಾತ ಕೊಟ್ಟೀತು. ಒಂದೇ ಧ್ರುವದ (ಯುನಿಪೋಲಾರ್) ತಂತಿಯಲ್ಲಿ ತುದಿಯಿಂದ ಪೆಟ್ಟಿಗೆಯವರೆಗಿನ ದೊಡ್ಡ ಬಳಸೇ ಆಂಟೆನಾ. ಎರಡು ಧ್ರುವದ್ದರಲ್ಲಿ (ಬೈಪೋಲಾರ್) ಬಳಸು ಚಿಕ್ಕದು, ಗದ್ದಲವೂ ಕಡಿಮೆ. ನಿಮ್ಮದು ಯಾವುದು, ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಕ್ಷೇತ್ರಕ್ಕಿಂತ ಮುಟ್ಟಿದಾಗ ಹರಿಯುವ ಕರೆಂಟು ಇವರಿಗೆ ಹೆಚ್ಚು ಅಪಾಯ. ಅರ್ಥಿಂಗ್ ಕೆಟ್ಟ ವಾಷಿಂಗ್ ಮಷೀನಿನ ಸೋರಿಕೆ ಕೈಗೆ ಜುಮ್ಮೆನ್ನದಷ್ಟು ಸಣ್ಣದಿದ್ದರೂ ಐಸಿಡಿಗೆ ಕೇಳಿಸಬಹುದು. ಸೋರಿಕೆ ಕಂಡರೆ ಕರೆಂಟು ಕಡಿಯುವ 30 ಮಿಲಿಆಂಪಿಯರ್‌ನ ಟ್ರಿಪ್ ಸ್ವಿಚ್ ಜೀವ ಉಳಿಸುತ್ತದೆ, ಆದರೆ ಇಷ್ಟು ಸಣ್ಣ ಸೋರಿಕೆಗೆ ಬೀಳುವುದಿಲ್ಲ. ಅರ್ಥ್ ಪರೀಕ್ಷಿಸಲೇಬೇಕು.

ಸಮಯವಾಯಿತೆಂದು ಚೀಟಿ ಬಂದಿದೆ, ಉಳಿದದ್ದನ್ನು ಓಡಿಸುತ್ತೇನೆ. ಪೇಸ್‌ಮೇಕರ್, ಐಸಿಡಿ ಇರುವ ಎದೆ ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್ ದೂರ ಇರಲಿ, ಮೊಬೈಲಿನಿಂದ 15. ವೆಲ್ಡಿಂಗ್ ಮಾಡುವವರು ಡಾಕ್ಟರ ಒಪ್ಪಿಗೆ ಪಡೆದೇ ಮಾಡಿ. ಕೇಬಲ್ ಹೆಗಲಿಗೆ ಹಾಕಬೇಡಿ, ಎರಡೂ ಕೇಬಲ್ ಜೊತೆಯಲ್ಲೇ ಎಳೆಯಿರಿ, ಒಂದು ಬೆಸುಗೆಗೂ ಇನ್ನೊಂದಕ್ಕೂ ನಡುವೆ ಹತ್ತು ಸೆಕೆಂಡು ಬಿಡಿ. ಫೋನಿನ ಆ್ಯಪ್‌ನಿಂದ ಕ್ಷೇತ್ರ ಅಳೆಯಬೇಡಿ, ಅದು ದಿಕ್ಸೂಚಿಯ ಸೆನ್ಸರ್, 50 ಹರ್ಟ್ಜ್‌ಗೆ ಆಗದು. ಯಾವುದಾದರೂ ಉಪಕರಣದ ಹತ್ತಿರ ತಲೆ ಸುತ್ತಿದರೆ ಸ್ವಿಚ್ ಹುಡುಕುತ್ತ ನಿಲ್ಲಬೇಡಿ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಸಾಮಾನ್ಯವಾಗಿ ಪೇಸ್‌ಮೇಕರ್ ಕೂಡಲೇ ತನ್ನ ಕೆಲಸಕ್ಕೆ ಮರಳುತ್ತದೆ. ಆಮೇಲೆ ಆ ಹೊತ್ತು, ಆ ಜಾಗ ಬರೆದಿಟ್ಟು ಕ್ಲಿನಿಕ್‌ಗೆ ಹೋಗಿ. ಅನೇಕ ಪೇಸ್‌ಮೇಕರ್‌ಗಳ ನೆನಪಿನಲ್ಲಿ ಆ ಗಳಿಗೆಯ ದಾಖಲೆ ಇರುತ್ತದೆ. ಅದನ್ನು ನಿಮ್ಮ ಚೀಟಿಯ ಜೊತೆ ಇಟ್ಟು ನೋಡಿದರೆ, ಸದ್ದು ಎಲ್ಲಿಂದ ಬಂತೆಂದು ಅವರು ಪತ್ತೆ ಹಚ್ಚಬಲ್ಲರು.