ಬೆಳ್ಳಗಿರೋದೆಲ್ಲ ಹಾಲಲ್ಲ, ಹೊಳೆಯೋದೆಲ್ಲ ಕ್ಯಾನ್ಸರ್ ಅಲ್ಲ

ನಮಸ್ಕಾರ. ಮನೆಯಲ್ಲಿ ಯಾರಿಗಾದರೂ ಪೆಟ್ ಸ್ಕ್ಯಾನ್ ಆಯಿತು ಅಂದರೆ ಆಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ರಿಪೋರ್ಟ್ ಕೈಗೆ ಬಂದ ತಕ್ಷಣ ಅದರ ಫೋಟೋ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ಡಾಕ್ಟರ್ ಓದುತ್ತಿರುವ ಅಕ್ಕನ ಮಗಳಿಗೆ ಫೋನ್ ಹೋಗುತ್ತದೆ. 'ಮೂರು ಕಡೆ ಹೊಳೀತಿದೆಯಂತೆ' ಅನ್ನುವ ಮಾತು ಸಂಜೆಯೊಳಗೆ 'ಮೂರು ಕಡೆ ಹರಡಿದೆಯಂತೆ' ಆಗಿಬಿಡುತ್ತದೆ.

ನನ್ನ ತಕರಾರು ಇರುವುದೇ ಇಲ್ಲಿ. ಪೆಟ್ ಸ್ಕ್ಯಾನಿಗೆ ಕ್ಯಾನ್ಸರ್ ಅಂದರೆ ಏನು ಅಂತ ಗೊತ್ತೇ ಇಲ್ಲ. ದೇಹದ ಯಾವ ಜಾಗ ಎಷ್ಟು ಸಕ್ಕರೆ ಎಳೆದುಕೊಳ್ಳುತ್ತಿದೆ, ಅದಕ್ಕೆ ಕಾಣುವುದು ಅಷ್ಟೇ.

ಈ ಸಕ್ಕರೆಯ ಕಥೆ ಶುರುವಾಗಿದ್ದು 1920ರ ದಶಕದ ಬರ್ಲಿನ್‌ನಲ್ಲಿ. ಓಟೋ ವಾರ್ಬರ್ಗ್ ಅನ್ನುವ ಜರ್ಮನ್ ವಿಜ್ಞಾನಿ ಕ್ಯಾನ್ಸರ್ ಗೆಡ್ಡೆಯ ತೆಳ್ಳನೆಯ ಚೂರುಗಳನ್ನು ಇಟ್ಟುಕೊಂಡು, ಅವು ಎಷ್ಟು ಆಮ್ಲಜನಕ ಬಳಸುತ್ತವೆ, ಎಷ್ಟು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ ಅಂತ ಅಳೆದರು. ಆಮ್ಲಜನಕ ಸಾಲದೆ ಹೋದಾಗ ನಮ್ಮ ಸ್ನಾಯುಗಳೂ ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆದರೆ ಗೆಡ್ಡೆಯ ಕೋಶಗಳು ಆಮ್ಲಜನಕ ಬೇಕಾದಷ್ಟಿದ್ದರೂ ಅದನ್ನೇ ಮಾಡುತ್ತಿದ್ದವು. ಲೆಕ್ಕ ಹಾಕಿದರೆ ಇದು ಶುದ್ಧ ನಷ್ಟದ ವ್ಯಾಪಾರ. ಒಂದು ಗ್ಲೂಕೋಸ್ ಅಣುವನ್ನು ಆಮ್ಲಜನಕದ ಜೊತೆ ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ, ಸಿಗುತ್ತದೆ. ಈ ಅರ್ಧ ದಾರಿಯಲ್ಲಿ ಸಿಗುವುದು ಬರೀ 2. ಹಾಗಾಗಿ ಜಾಸ್ತಿ ಸಕ್ಕರೆ ಬೇಕೇ ಬೇಕು.

ವಾರ್ಬರ್ಗ್ ಅಳತೆ ಸರಿಯಾಗಿತ್ತು. ಕೊಟ್ಟ ಕಾರಣ ಸರಿಯಿರಲಿಲ್ಲ. ಕೋಶದ ಉಸಿರಾಟ ಕೆಟ್ಟುಹೋಗುವುದೇ ಕ್ಯಾನ್ಸರಿನ ಮೂಲ ಅಂತ ಅವರು ಹಟ ಹಿಡಿದಿದ್ದರು. ಎಷ್ಟೋ ಗೆಡ್ಡೆಗಳಲ್ಲಿ ಈ ಉಸಿರಾಟ ನಡೆಸುವ ಮೈಟೊಕಾಂಡ್ರಿಯಾ ಚೆನ್ನಾಗಿಯೇ ಕೆಲಸ ಮಾಡುತ್ತದೆ ಅಂತ ಈಗ ಗೊತ್ತು. ಬೇಗ ಬೇಗ ಎರಡಾಗುವ ಕೋಶಕ್ಕೆ ಶಕ್ತಿಯ ಜೊತೆಗೆ ಮೈ ಕಟ್ಟಿಕೊಳ್ಳುವ ಸಾಮಾನೂ ಬೇಕು. ಗ್ಲೂಕೋಸಿನ ಇಂಗಾಲ ಹೊಸ ಡಿಎನ್‌ಎಗೆ, ಹೊಸ ಪೊರೆಗೆ ಹೋಗುತ್ತದೆ. ಇವತ್ತು ಹೆಚ್ಚು ಜನ ಒಪ್ಪುವ ವಿವರಣೆ ಇದು.

ಸರಿ, ಸ್ಕ್ಯಾನಿಗೆ ಬರೋಣ. ನಿಮ್ಮ ರಕ್ತಕ್ಕೆ ಚುಚ್ಚುವ ಎಫ್‌ಡಿಜಿ ಹೆಚ್ಚುಕಡಿಮೆ ಗ್ಲೂಕೋಸೇ. ಒಂದು ಜಾಗದಲ್ಲಿ ಮಾತ್ರ ವಿಕಿರಣ ಸೂಸುವ ಫ್ಲೋರಿನ್-18 ಕೂರಿಸಿರುತ್ತಾರೆ. ಕೋಶ ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೆಕ್ಸೋಕೈನೇಸ್ ಅನ್ನುವ ಕಿಣ್ವ ಎಂದಿನಂತೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಗೆ ಮುಗಿಯಿತು. ಮುಂದಿನ ಹೆಜ್ಜೆಗೆ ಬೇಕಾದ ಭಾಗವೇ ಈ ಅಣುವಿನಲ್ಲಿಲ್ಲ. ಫಾಸ್ಫೇಟ್ ಅಂಟಿರುವುದರಿಂದ ಹೊರಗೂ ಬರಲಾರದು. ಬೋನಿಗೆ ಬಿದ್ದ ಇಲಿಯ ಹಾಗೆ ಅಲ್ಲೇ ಉಳಿಯುತ್ತದೆ. ಫ್ಲೋರಿನ್ನಿಂದ ಹೊರಟ ಪಾಸಿಟ್ರಾನ್ (ಎಲೆಕ್ಟ್ರಾನಿನಂಥದೇ, ಆದರೆ ವಿರುದ್ಧ ವಿದ್ಯುದಂಶದ ಕಣ) ಒಂದು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಎರಡೂ ಇಲ್ಲವಾಗುತ್ತವೆ. ಆಗ ಎದುರುಬದುರು ದಿಕ್ಕಿಗೆ ಹಾರುವ ಎರಡು ಗಾಮಾ ಕಿರಣಗಳನ್ನು ಯಂತ್ರ ಹಿಡಿಯುತ್ತದೆ.

ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗಿಬಿಡುತ್ತದೆ. 1976ರಲ್ಲಿ ಎಫ್‌ಡಿಜಿಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟಾಗ, ಅಮೆರಿಕದ ಬ್ರೂಕ್‌ಹೇವನ್ ಲ್ಯಾಬಿನಲ್ಲಿ ತಯಾರಿಸಿ ವಿಮಾನದಲ್ಲಿ ಫಿಲಡೆಲ್ಫಿಯಾಗೆ ಸಾಗಿಸಿದ್ದರು. ತಮಾಷೆ ನೋಡಿ, ಅವರು ನೋಡಲು ಹೊರಟಿದ್ದು ಕ್ಯಾನ್ಸರನ್ನಲ್ಲ, ಮಿದುಳನ್ನು. ಮಿದುಳಿಗೆ ಸಕ್ಕರೆ ಅಂದರೆ ಪ್ರಾಣ. ಇವತ್ತಿಗೂ ಯಾರ ಸ್ಕ್ಯಾನ್ ತೆಗೆದರೂ ಮಿದುಳು ಜೋರಾಗಿ ಹೊಳೆಯುತ್ತದೆ. ಎಫ್‌ಡಿಜಿ ಮೂತ್ರದಲ್ಲಿ ಹೋಗುವುದರಿಂದ ಮೂತ್ರಕೋಶವೂ ಹೊಳೆಯುತ್ತದೆ. ಇಂಜೆಕ್ಷನ್ ಆದ ಮೇಲೆ ಹರಟೆ ಹೊಡೆದರೆ ಗಂಟಲಿನ ಸ್ನಾಯುವೂ ಹೊಳೆಯುತ್ತದೆ. ಸುಮಾರು ಒಂದು ಗಂಟೆ ನಿಮ್ಮನ್ನು ಸುಮ್ನೆ ಕೂರಿಸುವುದು ಅದಕ್ಕೇ.

ಇವನ್ನೆಲ್ಲ ಡಾಕ್ಟರು ಸುಲಭವಾಗಿ ಗುರುತಿಸುತ್ತಾರೆ. ಕಷ್ಟ ಕೊಡುವುದು ಟಿಬಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಭಾರತದವರು. ಟಿಬಿ ಗಂಟಿನ ಒಳಗೆ ಸೋಂಕಿನ ಜೊತೆ ಬಡಿದಾಡುವ ಮ್ಯಾಕ್ರೋಫೇಜ್ ಕೋಶಗಳು ತುಂಬಿಕೊಂಡಿರುತ್ತವೆ. ಬಡಿದಾಡುವಾಗ ಅವೂ ಗೆಡ್ಡೆಯ ಕೋಶಗಳ ಹಾಗೇ ಸಕ್ಕರೆ ಎಳೆಯುತ್ತವೆ. ರಿಪೋರ್ಟಿನಲ್ಲಿ ಎಸ್‌ಯುವಿ ಅಂತ ಒಂದು ಅಂಕಿ ಇರುತ್ತದೆ, ಆ ಜಾಗ ಎಷ್ಟು ಎಫ್‌ಡಿಜಿ ಎಳೆದಿದೆ ಅನ್ನುವುದರ ಅಳತೆ. ಇಡೀ ಮೈಗೆ ಎಫ್‌ಡಿಜಿ ಸಮನಾಗಿ ಹಂಚಿದ್ದರೆ ಅದು 1 ಇರಬೇಕು. 2.5 ದಾಟಿದರೆ ಕ್ಯಾನ್ಸರ್ ಅನ್ನುವ ಹಳೇ ಲೆಕ್ಕವನ್ನು ಇವತ್ತಿಗೂ ನಂಬುವವರಿದ್ದಾರೆ. ಟಿಬಿ ಗಂಟಿನಲ್ಲೂ ಆ ಅಂಕಿ 10 ದಾಟಬಹುದು.

ಇದು ಬರೀ ಪುಸ್ತಕದ ವಿಷಯ ಅಂದುಕೊಳ್ಳಬೇಡಿ. ಬಲ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆ ಅಂತಿಟ್ಟುಕೊಳ್ಳಿ. ಎದೆಯ ಎಡಭಾಗದ ಲಿಂಫ್ ಗಂಟೂ ಹೊಳೆಯಿತು. ಕ್ಯಾನ್ಸರ್ ಅಲ್ಲಿಗೆ ಹರಡಿದೆ ಅಂತಾದರೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಆದರೆ ಆ ಎಡಗಡೆಯದು ಟಿಬಿ ಆಗಿದ್ದರೆ? ಗುಣವಾಗಬಹುದಾಗಿದ್ದ ಮನುಷ್ಯ ಆಪರೇಷನ್ನಿನ ಅವಕಾಶವನ್ನೇ ಕಳೆದುಕೊಂಡ. ಸೂಜಿ ಹಾಕಿ, ಚೂರು ತೆಗೆದು, ಮೈಕ್ರೋಸ್ಕೋಪಿನ ಕೆಳಗೆ ನೋಡುವವರೆಗೆ ಉತ್ತರ ಸಿಗುವುದಿಲ್ಲ. 'ಸ್ಕ್ಯಾನಲ್ಲೇ ಕಾಣ್ತಿದೆಯಲ್ಲ, ಮತ್ತೆ ಬಯಾಪ್ಸಿ ಯಾಕೆ? ಸೂಜಿ ಹಾಕಿದ್ರೆ ಹರಡುತ್ತಂತೆ' ಅಂತ ತಡೆಯುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅಲ್ವಾ? ಸೂಜಿಯಿಂದ ಹರಡುವುದು ಬಹಳ ಅಪರೂಪ. ತಪ್ಪು ಸ್ಟೇಜ್ ಹಿಡಿದುಕೊಂಡು ಚಿಕಿತ್ಸೆ ಶುರುಮಾಡುವುದು ಅದಕ್ಕಿಂತ ಎಷ್ಟೋ ದೊಡ್ಡ ಅಪಾಯ. ಆ ಹಿರಿಯರಿಗೆ ನೀವು ಖಡಾಖಂಡಿತವಾಗಿ ಎದುರು ಮಾತಾಡಬೇಕು ಅಂತಲೇ ನಾನು ಹೇಳುತ್ತೇನೆ.

ಇನ್ನೊಂದು ವಾಟ್ಸಾಪ್ ಪಾಂಡಿತ್ಯ: ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿವಿನಿಂದ ಸಾಯುತ್ತದೆ, ವಾರ್ಬರ್ಗ್‌ಗೆ ನೊಬೆಲ್ ಬಂದಿದ್ದೇ ಇದಕ್ಕೆ. 1931ರ ಆ ನೊಬೆಲ್ ಬಂದಿದ್ದು ಉಸಿರಾಟದ ಕಿಣ್ವದ ಕೆಲಸಕ್ಕೆ. ಸಕ್ಕರೆ ಬಿಡುವ ವಾದಕ್ಕೆ ಉತ್ತರ ಸ್ಕ್ಯಾನಿನಲ್ಲೇ ಇದೆ. ಸ್ಕ್ಯಾನಿಗೆ ಬರುವವರು ನಾಲ್ಕರಿಂದ ಆರು ಗಂಟೆ ಏನೂ ತಿಂದಿರುವುದಿಲ್ಲ. ಹೊಟ್ಟೆ ಖಾಲಿ ಇದ್ದಾಗ ಇನ್ಸುಲಿನ್ ಇಳಿಯುತ್ತದೆ, ಸ್ನಾಯುಗಳು ಸಕ್ಕರೆ ಕೇಳುವುದನ್ನು ಕಡಿಮೆ ಮಾಡುತ್ತವೆ. ಗೆಡ್ಡೆ ಮಾತ್ರ ಎಳೆಯುತ್ತಲೇ ಇರುತ್ತದೆ, ಅದಕ್ಕೇ ಎದ್ದು ಕಾಣುತ್ತದೆ. ನೀವು ತಿನ್ನದಿದ್ದರೂ ಲಿವರ್ ರಕ್ತಕ್ಕೆ ಗ್ಲೂಕೋಸ್ ಹಾಕುತ್ತಲೇ ಇರುತ್ತದೆ. ಕೀಮೋ ನಡೆಯುವಾಗ ಮೊದಲೇ ಊಟ ಸೇರುವುದಿಲ್ಲ, ತೂಕ ಇಳಿಯುತ್ತಿರುತ್ತದೆ. ಅಂಥವರ ತಟ್ಟೆಯಿಂದ ಅನ್ನ, ಹಣ್ಣು ಕಿತ್ತುಕೊಳ್ಳುವುದು ನನ್ನ ಪ್ರಕಾರ ಕ್ರೌರ್ಯ.

ಕೊನೆಗೆ, ಹುಷಾರಾಗಿರುವವರಿಗೆ ಹೆಲ್ತ್ ಚೆಕಪ್ ಅಂತ ಪೆಟ್ ಸ್ಕ್ಯಾನ್ ಮಾಡುವುದು. ನಾನಂತೂ ಬೇಡ ಅನ್ನುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಎಷ್ಟೋ ಸಲ ಎಫ್‌ಡಿಜಿಯನ್ನು ಅಷ್ಟಾಗಿ ಎಳೆಯುವುದೇ ಇಲ್ಲ, ಅದಕ್ಕೆ ಪಿಎಸ್‌ಎಂಎ ಅನ್ನುವ ಬೇರೆ ಸ್ಕ್ಯಾನ್ ಬೇಕು. ನಿಧಾನವಾಗಿ ಬೆಳೆಯುವ ಕೆಲವು ಗೆಡ್ಡೆಗಳೂ, ತೀರಾ ಚಿಕ್ಕವೂ ತಪ್ಪಿಸಿಕೊಳ್ಳುತ್ತವೆ. ಇತ್ತ ಯಾವುದೋ ಹಳೇ ಸೋಂಕಿನ ಗಂಟು ಹೊಳೆದು, ಏನೂ ಇಲ್ಲದವರು ಬಯಾಪ್ಸಿ ಟೇಬಲ್ ಮೇಲೆ ಮಲಗುತ್ತಾರೆ. ಜೊತೆಗೆ ಎಫ್‌ಡಿಜಿ ಒಂದರಿಂದಲೇ ಸುಮಾರು 7 ಮಿಲಿಸೀವರ್ಟ್ ವಿಕಿರಣ. ಪ್ರಕೃತಿಯಿಂದ ಅಷ್ಟು ವಿಕಿರಣ ಮೈಗೆ ಸೇರಲು ಸರಾಸರಿ ಮೂರು ವರ್ಷ ಬೇಕು, ಸಿಟಿ ಸ್ಕ್ಯಾನಿನ ಪಾಲು ಬೇರೆ.