ಪ್ಲಾನ್ ಇಲ್ಲದ ಟಗ್‌ಬೋಟಿಗೆ ಒಡಲು ಬರೆಯೋದು

"ಟಗ್‌ಬೋಟಿನ ಮಾಡೆಲ್ ಮಾಡಬೇಕು, ಆದ್ರೆ ಪ್ಲಾನ್ ಸಿಗ್ತಿಲ್ಲ." ಈ ಕೊರಗು ಎಲ್ಲರದ್ದೂ. ಟಗ್‌ಬೋಟ್ ಅಂದ್ರೆ ದೊಡ್ಡ ಹಡಗುಗಳನ್ನ ಎಳೆಯೋ, ತಳ್ಳೋ ದೋಣಿ. ನನ್ನ ಅಭಿಪ್ರಾಯ ಸ್ವಲ್ಪ ಉಲ್ಟಾ. ಪ್ಲಾನ್ ಸಿಗದೆ ಕೆಟ್ಟ ಹಲ್‌ಗಿಂತ, ಸಿಕ್ಕಿದ ಪ್ಲಾನನ್ನು ಕಣ್ಣುಮುಚ್ಚಿ ನಂಬಿ ಕೆಟ್ಟ ಹಲ್ಲೇ ಹೆಚ್ಚು. ಹಲ್ ಅಂದ್ರೆ ದೋಣಿಯ ಒಡಲು, ಬಾಯಲ್ಲಿರೋ ಹಲ್ಲಲ್ಲ. ಗೊಂದಲ ಬೇಡ, ಇನ್ನು ಒಡಲು ಅಂತಲೇ ಹೇಳ್ತೀನಿ.

ನಿಮ್ಮ ಕೈಯಲ್ಲಿ ಏನಿರುತ್ತೆ? ಎರಡು ಮೂರು ಫೋಟೋ. ಉದ್ದ, ಅಗಲ, ಡ್ರಾಫ್ಟ್ (ನೀರಿನ ಗೆರೆಯಿಂದ ತಳದವರೆಗಿನ ಆಳ) ಅಂತ ಮೂರು ಅಂಕಿ. ಅದೃಷ್ಟ ಇದ್ರೆ ಒಂದು ಜನರಲ್ ಅರೇಂಜ್‌ಮೆಂಟ್ ಡ್ರಾಯಿಂಗ್. ಅದರಲ್ಲಿ ಎಂಜಿನ್ ಎಲ್ಲಿ, ಅಡುಗೆಮನೆ ಎಲ್ಲಿ, ಮಂಚ ಎಲ್ಲಿ ಎಲ್ಲಾ ಇರುತ್ತೆ. ಒಡಲನ್ನು ಅಡ್ಡಲಾಗಿ ಕೊಯ್ದರೆ ಯಾವ ಆಕಾರ ಕಾಣುತ್ತೆ ಅನ್ನೋದು ಮಾತ್ರ ಸಾಮಾನ್ಯವಾಗಿ ಇರಲ್ಲ. ಯಾರೋ ಅದರ ಮೇಲೆ ಅಂದಾಜಿಗೆ ಹತ್ತು ಅಡ್ಡಕೊಯ್ತ ಬರೆದು ನೀಟಾಗಿ ಇಂಕ್ ಮಾಡಿಬಿಟ್ರೆ, ನಾಳೆ ಅದೇ "ಒರಿಜಿನಲ್ ಪ್ಲಾನ್" ಆಗುತ್ತೆ. ಅಂದಾಜು ಮಾಡೋದು ತಪ್ಪಲ್ಲ. ಯಾವುದು ಅಂದಾಜು ಅಂತ ಗುರುತೇ ಉಳಿಯದ ಹಾಗೆ ಮಾಡೋದು ತಪ್ಪು. ಅದಕ್ಕೇ ಮೂರು ಬಣ್ಣದ ಪೆನ್ಸಿಲ್ ಇಟ್ಕೊಳ್ಳಿ: ದಾಖಲೆಯ ಅಳತೆಗೆ ಒಂದು, ಫೋಟೋದಿಂದ ತೆಗೆದದ್ದಕ್ಕೆ ಒಂದು, ಊಹೆಗೆ ಒಂದು. ಎರಡು ಗೆರೆ ಜಗಳಕ್ಕೆ ಬಿದ್ದಾಗ ಮೊದಲು ಅಳಿಸೋದು ಊಹೆಯ ಬಣ್ಣವನ್ನ.

ಗೆರೆ ಎಳೆಯೋ ಮೊದಲು ಟಗ್ಗಿನ ಜಾತಿ ಗೊತ್ತಾಗಬೇಕು. ಹಳೇ ಕ್ರಮದ್ದಾದ್ರೆ ಹಿಂದೆ ಪ್ರೊಪೆಲರ್, ಅದರ ಹಿಂದೆ ಚುಕ್ಕಾಣಿ. ಅಜಿಮತ್ ಸ್ಟರ್ನ್ ಡ್ರೈವ್ ಆದ್ರೆ ಹಿಂಭಾಗದ ತಳ ಚಪ್ಪಟೆಯಾಗಿ ಮೇಲೇರುತ್ತೆ, ಅದರಡಿ ಸುತ್ತಲೂ ತಿರುಗೋ ಎರಡು ಪ್ರೊಪೆಲರ್ ಯೂನಿಟ್. ವಾಯ್ತ್ ಷ್ನೈಡರ್ ಟ್ರಾಕ್ಟರ್ ಆದ್ರೆ ನೆಟ್ಟಗೆ ಇಳಿಬಿದ್ದ ಅಲಗುಗಳಿಂದ ನೀರು ತಳ್ಳೋ ಯಂತ್ರ ಮುಂದಿರುತ್ತೆ, ಹಿಂದೆ ದೊಡ್ಡ ಸ್ಕೆಗ್, ಅಂದ್ರೆ ತಳದಿಂದ ಕೆಳಗಿಳಿದ ರೆಕ್ಕೆಯಂಥ ಭಾಗ. ನೀರಿನ ಮೇಲೆ ಮೂರೂ ಅಣ್ಣತಮ್ಮಂದಿರ ಹಾಗೆ ಕಂಡರೂ ಕೆಳಗೆ ಸಂಬಂಧವೇ ಇಲ್ಲ.

ಈಗ ಅಂಕಿಗಳಿಗೆ ಬರೋಣ. ಒಂದು ಟಗ್ ಉದಾಹರಣೆಗೆ ಇಟ್ಕೊಳ್ಳಿ: ಒಟ್ಟು ಉದ್ದ 30 ಮೀಟರ್, ನೀರಿನ ಗೆರೆಯಲ್ಲಿ 28, ಅಗಲ 9, ಸರಾಸರಿ ಡ್ರಾಫ್ಟ್ 3.5. ದಾಖಲೆಯಲ್ಲಿ "ಡೆಪ್ತ್" ಅಂತ ಇದ್ರೆ ಅದನ್ನ ಡ್ರಾಫ್ಟ್ ಅಂತ ತಿಳೀಬೇಡಿ, ಅದು ಕೀಲಿನಿಂದ, ಅಂದ್ರೆ ಒಡಲಿನ ತಳದ ಬೆನ್ನೆಲುಬಿನಿಂದ, ಡೆಕ್ಕಿನ ಅಂಚಿನವರೆಗಿನ ಎತ್ತರ. ಅಗಲದಲ್ಲಿ ಫೆಂಡರ್ (ಡಿಕ್ಕಿ ತಡೆಯೋ ಅಂಚುಪಟ್ಟಿ) ಸೇರಿದೆಯೋ ಇಲ್ವೋ ಅದನ್ನೂ ನೋಡಿ. ಇನ್ನೊಂದು, ಹಳೇ ಟಗ್‌ಗಳಲ್ಲಿ ಎಷ್ಟೋ ಕಡೆ ಕೀಲ್ ಹಿಂದಕ್ಕೆ ಇಳಿಜಾರಾಗಿರುತ್ತೆ, ಹಿಂದೆ ಡ್ರಾಫ್ಟ್ ಜಾಸ್ತಿ. ಇದನ್ನ ಮರೆತು ನೀರಿನ ಗೆರೆಯನ್ನ ಕೀಲಿಗೆ ಸಮಾಂತರವಾಗಿ ಎಳೆದ್ರೆ ದೋಣಿ ಮೂತಿ ತಗ್ಗಿಸಿಕೊಂಡು ನಿಲ್ಲುತ್ತೆ, ಪ್ರೊಪೆಲರಿಗೂ ಜಾಗ ಸಾಲಲ್ಲ.

ಫೋಟೋದಲ್ಲಿ ಮೊದಲು ಹುಡುಕಬೇಕಾದ್ದು ಡ್ರಾಫ್ಟ್ ಗುರುತು, ಅಂದ್ರೆ ಒಡಲಿನ ಮೇಲೆ ಬರೆದ ಅಂಕಿಗಳು. ಮೆಟ್ರಿಕ್ ಪದ್ಧತಿಯಲ್ಲಿ ಒಂದೊಂದು ಅಂಕಿಯೂ 10 ಸೆಂಟಿಮೀಟರ್ ಎತ್ತರ, ಒಂದರಿಂದ ಇನ್ನೊಂದಕ್ಕೆ 20 ಸೆಂಟಿಮೀಟರ್. ಅಡಿ ಲೆಕ್ಕದ್ದಾದ್ರೆ 6 ಇಂಚಿನ ಅಂಕಿ, ಅಡಿಗೊಂದು. ಅಂಕಿಯ ಬುಡವೇ ಅಳತೆಯ ಜಾಗ. ಹಡಗಿನ ಮೈಮೇಲೇ ಬರೆದಿಟ್ಟ ಸ್ಕೇಲ್ ಇದು. ಇಷ್ಟಿದ್ದೂ ಜನ ಬಾಗಿಲಿನ ಎತ್ತರ ಊಹಿಸ್ತಾ ಕೂರ್ತಾರೆ!

ಉದ್ದದ ಅಳತೆಗೂ ಎತ್ತರದ ಅಳತೆಗೂ ಒಂದೇ ಸ್ಕೇಲ್ ಬಳಸಬೇಡಿ. ಫೋಟೋ ನೇರ ಪಕ್ಕದಿಂದ ತೆಗೆದಂತೆ ಕಂಡ್ರೂ ದೋಣಿ 15 ಡಿಗ್ರಿ ತಿರುಗಿದ್ರೆ ಉದ್ದ ಶೇಕಡಾ 3.4 ಕುಗ್ಗುತ್ತೆ, ಎತ್ತರ ಹಾಗೇ ಇರುತ್ತೆ. 1:48 ಸ್ಕೇಲಲ್ಲಿ ನಮ್ಮ ಟಗ್ 625 ಮಿಲಿಮೀಟರ್, ಅಂದ್ರೆ 21 ಮಿಲಿಮೀಟರ್ ಮಾಯ. ಹತ್ತಿರದಿಂದ ತೆಗೆದ ಫೋಟೋ ನೋಡೋಕೆ ಚಂದ, ಅಳೆಯೋಕೆ ದಂಡ. ದೂರದಿಂದ ಜೂಮ್ ಮಾಡಿದ ಫೋಟೋ ಸಪ್ಪೆಯಾಗಿದ್ರೂ ಅದೇ ಬೇಕು. ಡ್ರೈ ಡಾಕಲ್ಲಿ, ಅಂದ್ರೆ ನೀರು ಖಾಲಿ ಮಾಡಿದ ರಿಪೇರಿ ತೊಟ್ಟಿಯಲ್ಲಿ, ನಿಂತ ಫೋಟೋ ಒಂದು ಸಿಕ್ಕಿದ್ರಂತೂ ಉಳಿದ ಹತ್ತನ್ನ ಪಕ್ಕಕ್ಕಿಡಿ.

ನೀರಿನ ಕೆಳಗೆ ಏನೂ ಕಾಣದಿದ್ರೆ? ಅಲ್ಲಿ ಊಹೆಗೆ ತೂಕ ಕಡಿವಾಣ ಹಾಕುತ್ತೆ. ಉದ್ದ, ಅಗಲ, ಡ್ರಾಫ್ಟ್ ಗುಣಿಸಿ, ಬ್ಲಾಕ್ ಗುಣಾಂಕದಿಂದ (ಆ ಅಳತೆಯ ಪೆಟ್ಟಿಗೆಯಲ್ಲಿ ನೀರಿನಡಿಯ ಒಡಲು ತುಂಬೋ ಪಾಲು) ಮತ್ತೆ ಗುಣಿಸಿ. ಈ ಬಗೆಯ ಟಗ್‌ಗೆ 0.55 ಒಳ್ಳೇ ಆರಂಭ. 28, 9, 3.5, 0.55, ಎಲ್ಲಾ ಸೇರಿ 485 ಘನ ಮೀಟರ್. ಸಮುದ್ರದ ನೀರಲ್ಲಿ ಹತ್ತಿರ ಹತ್ತಿರ 497 ಟನ್. ದಾಖಲೆಯಲ್ಲಿ ಡಿಸ್‌ಪ್ಲೇಸ್‌ಮೆಂಟ್ (ಒಡಲು ಪಕ್ಕಕ್ಕೆ ಸರಿಸೋ ನೀರಿನ ತೂಕ, ಅಂದ್ರೆ ದೋಣಿಯದೇ ತೂಕ) ಕೊಟ್ಟಿದ್ರೆ ಉಲ್ಟಾ ಲೆಕ್ಕ ಹಾಕಿ ಗುಣಾಂಕವನ್ನೇ ತೆಗೀಬಹುದು. ಗ್ರಾಸ್ ಟನೇಜ್ ಅಂತ ಇದ್ರೆ ಬಿಟ್ಟುಬಿಡಿ, ಅದು ಒಳಗಿನ ಜಾಗದ ಲೆಕ್ಕ, ತೂಕ ಅಲ್ಲ. 1:48ರಲ್ಲಿ ನಮ್ಮ ಮಾಡೆಲ್ ಸಿಹಿನೀರಲ್ಲಿ 4.4 ಕಿಲೋ ತೂಗಬೇಕು. 6 ವೋಲ್ಟಿನ, 12 ಆಂಪಿಯರ್ ಅವರಿನ ಸೀಸದ ಬ್ಯಾಟರಿಯೇ ಸುಮಾರು 2 ಕಿಲೋ ತಿನ್ನುತ್ತೆ. ತೂಕ ಮೀರ್ತಿದೆ ಅಂತ ಗುಟ್ಟಾಗಿ ತಳ ಆಳ ಮಾಡೋರಿದ್ದಾರೆ. ನನಗೆ ಇಷ್ಟವಿಲ್ಲ. ಸ್ಕೇಲ್ ದೊಡ್ಡದು ಮಾಡಿ: ಅದೇ ದೋಣಿ 1:32ರಲ್ಲಿ 14.8 ಕಿಲೋ.

ಆಮೇಲೆ ಅಡ್ಡಕೊಯ್ತ. ಹತ್ತಕ್ಕೂ ಒಟ್ಟಿಗೇ ಕೈ ಹಾಕಬೇಡಿ. ಮೂರು ಸಾಕು: ಅತಿ ಅಗಲವಾದದ್ದು, ಮೂತಿಯಿಂದ ಕಾಲುಭಾಗದಲ್ಲೊಂದು, ಹಿಂದಿನಿಂದ ಕಾಲುಭಾಗದಲ್ಲೊಂದು. ಉಳಿದವು ನೀರಿನ ಗೆರೆಗಳು (ಒಡಲನ್ನು ಬೇರೆ ಬೇರೆ ಎತ್ತರದಲ್ಲಿ ನೀರಿನ ಮಟ್ಟಕ್ಕೆ ಸಮಾಂತರವಾಗಿ ಕೊಯ್ದಾಗ ಕಾಣೋ ಅಂಚು) ಹರಿದು ಬಂದ ದಾರಿಯಲ್ಲಿ ತಾವಾಗಿ ಹುಟ್ತವೆ. ಅದೇ ಜಾತಿಯ ಬೇರೆ ಟಗ್ಗಿನ ಲೈನ್ಸ್ ಪ್ಲಾನ್ (ಒಡಲಿನ ಆಕಾರದ ಗೆರೆಗಳ ನಕ್ಷೆ) ಸಿಕ್ಕಿದ್ರೆ ಸಂಕೋಚ ಬಿಟ್ಟು ಸಾಲ ತಗೊಳ್ಳಿ. ಉದ್ದ, ಅಗಲ, ಆಳ ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿಸಿದ್ರೂ ಬ್ಲಾಕ್ ಗುಣಾಂಕ ಬದಲಾಗಲ್ಲ, ಆದ್ದರಿಂದ ಹೋಲಿಸೋದು ಸುಲಭ. ಅಂದಾಜಲ್ಲಿ ಬರೆಯೋರು ಹೆಚ್ಚಾಗಿ ಎಡವೋದು ಹಿಂಭಾಗದಲ್ಲಿ. ತುಂಬಾ ದಪ್ಪ ಮಾಡ್ತಾರೆ, ಪ್ರೊಪೆಲರಿಗೆ ನೀರು ಸರಾಗವಾಗಿ ಹೋಗಲ್ಲ, ನೊರೆ ಎಬ್ಬಿಸಿದಷ್ಟು ಎಳೆತ ಸಿಗಲ್ಲ. ಡೆಲ್ಫ್ಟ್‌ಶಿಪ್ ಥರದ ಸಾಫ್ಟ್‌ವೇರ್ ಗೆರೆಗಳನ್ನ ಚೆನ್ನಾಗಿ ನಯ ಮಾಡಿಕೊಡುತ್ತೆ, ತಪ್ಪು ಗೆರೆಗಳನ್ನೂ ಅಷ್ಟೇ ಚೆನ್ನಾಗಿ.

ಊಹೆಗೆ ಅವಕಾಶವೇ ಇಲ್ಲದ ಜಾಗ ಒಂದಿದೆ: ಶಿಯರ್, ಡೆಕ್ಕಿನ ಅಂಚಿನ ಬಾಗು. ತಳದಲ್ಲಿ 3 ಮಿಲಿಮೀಟರ್ ತಪ್ಪಿದ್ರೆ ಯಾರಿಗೂ ಗೊತ್ತಾಗಲ್ಲ, ಇಲ್ಲಿ ತಪ್ಪಿದ್ರೆ ಬೇರೆ ದೋಣಿಯೇ ಆಗುತ್ತೆ. ಪಕ್ಕನೋಟದಲ್ಲಿ ಸರಿಯಾಗಿ ಕಂಡ ಬಾಗು, ಡೆಕ್ಕಿನ ಅಂಚು ಮೂತಿಯ ಕಡೆ ಒಳಕ್ಕೆ ತಿರುಗೋ ಜಾಗದಲ್ಲಿ ಓರೆಯಿಂದ ನೋಡಿದಾಗ ಜೋತು ಬಿದ್ದ ಹಾಗೆ ಕಾಣಬಹುದು. ಕಾಗದದ ಮೇಲೆ ಇದು ಗೊತ್ತಾಗಲ್ಲ.

ಅದಕ್ಕೇ 1:100ರಲ್ಲಿ ಬಾಲ್ಸಾ ಅನ್ನೋ ಹಗುರ ಮರದಲ್ಲಿ ಒಂದು ಪಕ್ಕದ ಅರ್ಧ ಒಡಲು ಕೆತ್ತಿ, ವಾರ್ನಿಶ್ ಹೊಡೀರಿ. 30 ಸೆಂಟಿಮೀಟರಿನ ತುಂಡು. ಇದರಿಂದ ಎರಡು ಪರೀಕ್ಷೆ. ಉದ್ದನೆಯ ಟಬ್ಬಿಗೆ ನೀರು ತುಂಬಿ ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ತುಂಡನ್ನ ನೀರಿನ ಗೆರೆವರೆಗೆ ಒತ್ತಿ ಹಿಡೀರಿ, ಟಬ್ಬಿಗೆ ತಾಗಬಾರದು. ತಕ್ಕಡಿ 242 ಗ್ರಾಂ ಆಸುಪಾಸು ತೋರಿಸಬೇಕು, 485ರ ಅರ್ಧ. 215 ತೋರಿಸಿದ್ರೆ ನಿಮ್ಮ ಒಡಲು ಬಡಕಲು.

ಎರಡನೇದು ಕನ್ನಡಿ. ಅರ್ಧ ಒಡಲನ್ನ ಕನ್ನಡಿಗೆ ಒತ್ತಿಟ್ರೆ ಇಡೀ ದೋಣಿ ಕಾಣುತ್ತೆ. ಗಾಜಿನ ಕನ್ನಡಿ ಬೇಡ, ಅದರ ದಪ್ಪದಿಂದ ನಡುವೆ ಬಿರುಕು ಕಾಣುತ್ತೆ, ತೆಳು ಪ್ಲಾಸ್ಟಿಕ್ ಕನ್ನಡಿ ಹಾಳೆ ತಗೊಳ್ಳಿ. ನಿಜ ಫೋಟೋ 60 ಮೀಟರ್ ದೂರ, ನೀರಿನಿಂದ 3 ಮೀಟರ್ ಎತ್ತರದಿಂದ ತೆಗೆದದ್ದಾದ್ರೆ ಫೋನನ್ನ 60 ಸೆಂಟಿಮೀಟರ್ ದೂರ, ನೀರಿನ ಗೆರೆಯಿಂದ 3 ಸೆಂಟಿಮೀಟರ್ ಎತ್ತರದಲ್ಲಿಟ್ಟು ಫೋಟೋ ತೆಗೆದು ಹೋಲಿಸಿ. ದೂರ ತಿಳಿಯದಿದ್ರೆ ಮೂತಿಯ ತುದಿ, ಶಿಯರಿನ ತಗ್ಗು, ಹಿಂದಿನ ಕೊನೆ ಮೂರೂ ಫೋಟೋಗೆ ಹೊಂದೋವರೆಗೆ ಫೋನ್ ಸರಿಸಿ. ಒಡಲಿನ ಭುಜ (ಮೂತಿ ಹಿಂದೆ ಅಗಲವಾಗೋ ಜಾಗ) ಉಬ್ಬಿದ್ರೆ ಮರಳುಕಾಗದದಲ್ಲಿ ನಾಲ್ಕು ಸಲ ಉಜ್ಜಿ ಮತ್ತೆ ತೆಗೀರಿ. ಒಪ್ಪಿಗೆಯಾದ ಮೇಲೆ ತುಂಡಿನಿಂದಲೇ ಅಳತೆ ತಗೊಂಡು ಡ್ರಾಯಿಂಗ್ ತಿದ್ದಿ.

ಫ್ರೇಮ್ (ಒಡಲಿನ ಪಕ್ಕೆಲುಬಿನಂಥ ಅಡ್ಡ ಹಲಗೆ) ಕೊಯ್ಯುವಾಗ ಅದರ ಮೇಲೆ ಅಂಟಿಸೋ ಹೊದಿಕೆಯ ದಪ್ಪ ಕಳೀಬೇಕು, ಆದ್ರೆ ಎಲ್ಲಾ ಕಡೆ ಒಂದೇ ಸಮ ಕಳೆದ್ರೆ ತಪ್ಪು. 2 ಮಿಲಿಮೀಟರ್ ಪಟ್ಟಿಗೆ ನಡುವಿನ ಫ್ರೇಮಲ್ಲಿ 2 ಸರಿ. ಮೂತಿ ಹತ್ತಿರ ಮೈ 45 ಡಿಗ್ರಿ ಓರೆಯಾದಲ್ಲಿ 2.8 ಕಳೀಬೇಕು. ಮುಂದಿನ ಅರ್ಧದ ಫ್ರೇಮುಗಳ ಹಿಂದಿನ ಮುಖ ಸ್ಟೇಷನ್ ಗೆರೆ (ಡ್ರಾಯಿಂಗಲ್ಲಿ ಅಡ್ಡಕೊಯ್ತದ ಜಾಗ ತೋರಿಸೋ ಗೆರೆ) ಮೇಲೆ ಕೂರಲಿ, ಹಿಂದಿನ ಅರ್ಧದವುಗಳ ಮುಂದಿನ ಮುಖ. ಆಗ ಓರೆ ಉಜ್ಜೋಕೆ ಮರ ಉಳಿಯುತ್ತೆ. ಅದಲುಬದಲಾದ್ರೆ ಪ್ರತಿ ಫ್ರೇಮಿಗೂ ತೇಪೆ ಅಂಟಿಸ್ತಾ ಕೂರಬೇಕಾಗುತ್ತೆ.